ಡೊಂಕಕ್ಕನ ನೇರ ರಸ್ತೆ

ತನ್ನ ಕಾರು ನೇರವಾಗಿ ಓಡುತ್ತದೆ ಎಂದು ಯಾರಾದರೂ ಹೊಗಳಿಕೊಂಡರೆ ಅವಳು ಕಾರಿನ ಕಡೆ ನೋಡುತ್ತಿರಲಿಲ್ಲ, ಹೇಳಿದವರ ಕೈ ನೋಡುತ್ತಿದ್ದಳು. ನೂರಕ್ಕೆ ತೊಂಬತ್ತೊಂಬತ್ತು ಜನರ ಕೈ ಸ್ಟೀರಿಂಗಿನ ಮೇಲೆ ಸುಮ್ಮನಿರುವುದಿಲ್ಲ. ಎಡಕ್ಕೆ ಎಳ್ಳಷ್ಟು, ಬಲಕ್ಕೆ ಎಳ್ಳಷ್ಟು ತಿದ್ದುತ್ತಲೇ ಇರುತ್ತದೆ. ತಿದ್ದುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಕಾರಿನ ತಪ್ಪನ್ನು ತಮ್ಮ ಕೈಯಾರೆ ಮುಚ್ಚಿ, ಆಮೇಲೆ ಕಾರನ್ನೇ ಹೊಗಳುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು, ಕಂತು ಕಟ್ಟುವವರಿಗೆ ಕಾರು ಮುದ್ದು ಎನ್ನುತ್ತಿದ್ದಳು ಅವಳು.

ಕಾರ್ಖಾನೆಯಲ್ಲಿ ಅವಳಿಗಿದ್ದದ್ದು ಒಂದೇ ಕೆಲಸ. ತಯಾರಾಗಿ ಬಂದ ಗಾಡಿಯನ್ನು ನೇರ ರಸ್ತೆಯಲ್ಲಿ ಓಡಿಸಿ, ಅದು ಎತ್ತ ಎಳೆಯುತ್ತದೆ, ಎಷ್ಟು ವೇಗಕ್ಕೆ ಅಲುಗುತ್ತದೆ ಎಂದು ಬರೆದುಕೊಡುವುದು. ಇಪ್ಪತ್ತೈದು ವರ್ಷ ಬರೆದಳು. ಬರೆದದ್ದರಲ್ಲಿ ಅತಿ ಹೆಚ್ಚು ಸಲ ಬಂದ ಪದ ‘ಡೊಂಕು’. ಬಣ್ಣದ ವಿಭಾಗದ ಮೇಸ್ತ್ರಿಯೊಬ್ಬ ಇದನ್ನು ನೋಡಿ ‘ಡೊಂಕಕ್ಕ’ ಎಂದು ಹೆಸರಿಟ್ಟ. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು. ಅವಳಿಗೆ ಕೋಪವೇನೂ ಬರಲಿಲ್ಲ. "ಹೆಸರಿಟ್ಟವನು ಬಳಿದ ಬಣ್ಣಾನೂ ಡೊಂಕೇ" ಎಂದಳು, ಅಷ್ಟೆ.

ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಕಾರಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಗಾಜಿನ ಅಂಗಡಿಯೊಂದರಲ್ಲಿ ವ್ಯಾನ್ ಓಡಿಸುವ ಕೆಲಸಕ್ಕೆ ಸೇರಿದಳು. ಆಳೆತ್ತರದ ಕಿಟಕಿ ಗಾಜುಗಳನ್ನು ಮರದ ಚೌಕಟ್ಟಿಗೆ ಒರಗಿಸಿ, ನಡುನಡುವೆ ಗೋಣಿತಟ್ಟು ಇಟ್ಟು, ಹಗ್ಗ ಬಿಗಿದು ಊರೆಲ್ಲ ತಲುಪಿಸಬೇಕಿತ್ತು. ವ್ಯಾನು ನೇರ ಹೋಗುವಾಗ ಗಾಜು ಸುಮ್ಮನಿರುತ್ತದೆ. ಕೂದಲೆಳೆಯಷ್ಟು ಅತ್ತಿತ್ತ ಆದರೂ ಬೆನ್ನ ಹಿಂದೆ ಸಣ್ಣಗೆ ಗುಂಯ್ ಎನ್ನುತ್ತದೆ. ಹನ್ನೊಂದು ವರ್ಷ ಅವಳು ಆ ಸದ್ದು ಕೇಳದ ಹಾಗೆ ಗಾಡಿ ಓಡಿಸುವುದನ್ನೇ ಕಲಿತಳು. ಕಿವಿಯಿಂದ ಶುರುವಾದ ಕಲಿಕೆ ಬೆನ್ನಿಗಿಳಿಯಿತು, ಬೆನ್ನಿನಿಂದ ಸೊಂಟಕ್ಕಿಳಿಯಿತು. ಗಾಜು ಇಳಿಸಲು ವ್ಯಾನಿನಲ್ಲಿ ಜೊತೆಗೆ ಬರುತ್ತಿದ್ದವನನ್ನೇ ಮದುವೆಯಾದಳು. "ಪ್ರೀತಿ ಗೀತಿ ಏನಿಲ್ಲ. ಮೂರು ವರ್ಷ ಪಕ್ಕದಲ್ಲಿ ಕೂತಿದ್ದ, ಒಂದು ದಿನಾನೂ ಹೀಗೆ ಓಡಿಸು ಹಾಗೆ ಓಡಿಸು ಅನ್ನಲಿಲ್ಲ. ಅಂಥ ಗಂಡಸು ಇನ್ನೊಬ್ಬ ಸಿಗೋ ನಂಬಿಕೆ ನಂಗಿರ್ಲಿಲ್ಲ" ಎನ್ನುತ್ತಿದ್ದಳು. ಅವನು ಮುಂದೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದ. ಮಾತು ಕಡಿಮೆ, ಕಣ್ಣು ಚುರುಕು.

ಕಾರ್ಖಾನೆಯ ಹೊಸ ಕಟ್ಟಡಕ್ಕೆ ಗಾಜು ತಂದ ದಿನ ಬಾಗಿಲಿಗೆ ಅಡ್ಡವಾಗಿ ಹೊಸ ಗಾಡಿಯೊಂದು ನಿಂತಿತ್ತು. ಕೀಲಿ ಅದರಲ್ಲೇ ಇತ್ತು. ಅವಳೇ ಹತ್ತಿ ನಲವತ್ತು ಹೆಜ್ಜೆಯಷ್ಟು ಆಚೆಗೆ ಓಡಿಸಿ ನಿಲ್ಲಿಸಿದಳು. ಕಾಗದದ ಹಲಗೆ ಹಿಡಿದು ಓಡಿ ಬಂದ ಕಿರಿಯ ಇಂಜಿನಿಯರಿಗೆ, "ನಿಮ್ಮ ಗಾಡಿ ಎಡಕ್ಕೆ ಎಳೀತಿದೆ" ಎಂದಳು.

"ಈಗ ತಾನೆ ಅಳತೆ ಮಾಡಿ ಇಳಿಸಿದ್ದು" ಎಂದ ಅವನು.

"ಅಳತೆ ಮಾಡಿದೋರಿಗೆ ಹಸಿವಾಗಿತ್ತೇನೋ."

ಅವಳ ಬಾಯಿ ಮುಚ್ಚಿಸಲೆಂದೇ ಅವನು ಗಾಡಿಯನ್ನು ಒಳಗೆ ಒಯ್ದು ಮತ್ತೆ ಅಳತೆ ಮಾಡಿಸಿದ. ಮುಂದಿನ ಎಡಗಾಲಿ ಅರ್ಧ ಬೆರಳು ಹೊರಗೆ ಮುಖ ಮಾಡಿತ್ತು. ಮೂರು ವಾರಕ್ಕೆ ಅವಳ ಮನೆಗೆ ಕೆಲಸದ ಕಾಗದ ಬಂತು. ಆ ಕಿರಿಯ ಇಂಜಿನಿಯರೇ ಈಗ ತಲೆ ನರೆತ ಮುಖ್ಯ ಇಂಜಿನಿಯರು. ಬುದ್ಧಿವಂತ, ಒಳ್ಳೆಯವನು. ಆದರೆ ದೊಡ್ಡವರ ಎದುರಿಗೆ ಅವನ ನಾಲಿಗೆ ಒಳಗೆ ಮಡಚಿಕೊಳ್ಳುತ್ತಿತ್ತು.

ಕಾರ್ಖಾನೆಯ ಹಿಂಬದಿಯಲ್ಲಿ ಆರು ಕಿಲೋಮೀಟರ್ ಉದ್ದದ ನೇರ ರಸ್ತೆ. ಎರಡೂ ತುದಿಗೆ ತಿರುಗಿ ಬರಲು ದೊಡ್ಡ ಬಳಸು. ಮೊದಲ ನಾಲ್ಕು ಕಿಲೋಮೀಟರಿಗೆ ಒಂದು ಮಗ್ಗುಲಲ್ಲಿ ಒತ್ತಾಗಿ ಬೆಳೆದ ಮರಗಳು, ಆಮೇಲೆ ಬಯಲು. ರಸ್ತೆಯ ಬುಡದಲ್ಲಿ ತಗಡಿನ ಸೂರಿನ ಒಂದು ಕೋಣೆ, ಅದೇ ಅವಳ ಆಫೀಸು. ಒಂದು ಮೇಜು, ದಪ್ಪ ಪುಸ್ತಕ, ಗಾಳಿಯ ದಿಕ್ಕು ವೇಗ ತೋರಿಸುವ ಸಲಕರಣೆ, ಮೊಳೆಗೆ ನೇತುಹಾಕಿದ ಹೆಲ್ಮೆಟ್ಟು. ಗಾಡಿ ಹತ್ತುವಾಗ ಕಾಗದದಷ್ಟು ತೆಳು ತಳದ ಕ್ಯಾನ್ವಾಸ್ ಷೂ ಹಾಕಿಕೊಳ್ಳುತ್ತಿದ್ದಳು. ಸೀಟಿನ ಮೆತ್ತೆ ತೆಗೆಸಿ, ಗಟ್ಟಿ ಹಲಗೆಯ ಮೇಲೆ ಕೂರುತ್ತಿದ್ದಳು. ಸ್ಟೀರಿಂಗಿಗೆ ಎರಡೇ ಬೆರಳು. ಇಂಜಿನಿಯರುಗಳು ಗಾಡಿಗೆ ಹತ್ತಾರು ತಂತಿ ಸಿಕ್ಕಿಸಿ ಪೆಟ್ಟಿಗೆಯಲ್ಲಿ ಗೆರೆ ಮೂಡಿಸಿಕೊಳ್ಳುತ್ತಿದ್ದರು. ಆ ಗೆರೆಗಳು ಅವಳ ‘ಡೊಂಕು’ ಎಂಬ ಪದವನ್ನು ಎರಡು ದಿನ ತಡವಾಗಿ ಒಪ್ಪಿಕೊಳ್ಳುತ್ತಿದ್ದವು.

ಇಪ್ಪತ್ತು ವರ್ಷ ಆ ಕಾರ್ಖಾನೆಯಿಂದ ಹೊರಬಿದ್ದದ್ದು ಸಾಮಾನು ಸಾಗಿಸುವ ವ್ಯಾನು, ಬಾಡಿಗೆ ಕಾರು. ಅವು ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ದಾಟುತ್ತಿರಲಿಲ್ಲ, ದಾಟುವ ಆಸೆಯನ್ನೂ ಇಟ್ಟುಕೊಂಡಿರಲಿಲ್ಲ. ಆಮೇಲೆ ಮುದುಕ ಯಜಮಾನರಿಗೆ ಮಂಡಿ ಸೋತಿತು. ಅಳಿಯ ಬಂದು ಅವರ ಕುರ್ಚಿಯಲ್ಲಿ ಕೂತ. ಅದಕ್ಕೆ ಮುಂಚೆ ಅವನು ಬಟ್ಟೆ ಅಂಗಡಿಗಳ ಮುಂಭಾಗ ಅಲಂಕರಿಸುವ ಕೆಲಸ ಮಾಡಿಸುತ್ತಿದ್ದವನು. ಗೊಂಬೆಗೆ ಯಾವ ಕೋಟು ಒಪ್ಪುತ್ತದೆ, ಬೆಳಕು ಎಲ್ಲಿಂದ ಬೀಳಬೇಕು, ಅದೆಲ್ಲ ಬಲ್ಲ. ಕಾರ್ಖಾನೆಗೆ ಬಂದ ಮೊದಲ ದಿನವೇ ಸಾಲಾಗಿ ನಿಂತ ವ್ಯಾನುಗಳನ್ನು ನೋಡಿ, "ಇವಕ್ಕೆ ಆತ್ಮಾನೇ ಇಲ್ಲ" ಎಂದ. ಪಕ್ಕದಲ್ಲಿ ನಿಂತಿದ್ದ ಡೊಂಕಕ್ಕ, "ಇಲ್ಲ ಸರ್. ಬ್ರೇಕ್ ಇದೆ" ಎಂದಳು. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸದವನಂತೆ ಮುಂದೆ ಹೋದ.

ಆತ್ಮ ಇರುವ ಗಾಡಿ ಬೇಕೆಂದು ಅವನು ಸ್ಪೋರ್ಟ್ಸ್ ಕಾರು ಮಾಡಿಸಿದ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಮೈ, ಎಳೆ ನಿಂಬೆಯ ಬಣ್ಣ. ಇಂಜಿನ್ನು, ಗೇರು, ಗಾಲಿ ಎಲ್ಲ ಇಂಜಿನಿಯರುಗಳ ಪಾಲು. ಬಾಲ ಮಾತ್ರ ಅವನದು. ಮೊದಲ ನಕ್ಷೆಯಲ್ಲಿ ಬಾಲ ತುಸು ಮೇಲಕ್ಕೆ ಎದ್ದು ನಿಂತಿತ್ತು. ಅದನ್ನು ಅವನೇ ಪೆನ್ಸಿಲು ಹಿಡಿದು ಇಳಿಸಿದ. ನೀರಿನ ಹನಿ ಜಾರಿದ ಹಾಗೆ ಇರಬೇಕಂತೆ. ನೋಡಲು ಚೆನ್ನಾಗಿಯೇ ಇತ್ತು. ಅವಳೂ ಅದನ್ನು ಅಲ್ಲಗಳೆಯಲಿಲ್ಲ. ನಿಂತಾಗ ಚೆಲುವಾಗಿ ಕಾಣಲು ಕಾರೇ ಏಕೆ ಬೇಕು, ಹೂದಾನಿ ಸಾಕು ಎಂದಳು.

ಮೊದಲ ಸಲ ಓಡಿಸಿದಾಗ ನೂರರವರೆಗೆ ಕಾರು ಸುಮ್ಮನಿತ್ತು. ನೂರೈವತ್ತಕ್ಕೂ ಸುಮ್ಮನಿತ್ತು. ನೂರೆಂಬತ್ತಕ್ಕೆ ಅವಳ ಸೊಂಟಕ್ಕೆ ಏನೋ ಸಣ್ಣ ಸುಳಿವು ಸಿಕ್ಕಿತು. ಇನ್ನೂರಕ್ಕೆ ಅದು ಸುಳಿವಾಗಿ ಉಳಿಯಲಿಲ್ಲ. ಮುಂದಿನ ಗಾಲಿಗಳು ರಸ್ತೆಯನ್ನು ಕಚ್ಚಿ ಹಿಡಿದಿದ್ದವು. ಹಿಂದಿನವು ಮಾತ್ರ ರಸ್ತೆಯನ್ನು ಸವರಿಕೊಂಡು ಬರುತ್ತಿದ್ದವು. ಗಾಳಿ ಕಾರಿನ ಬೆನ್ನ ಮೇಲೆ ಹರಿದು ಆ ಚೆಲುವಾದ ಬಾಲದಿಂದ ಜಾರುವಾಗ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿತ್ತು. ಇನ್ನೂರ ಹತ್ತಕ್ಕೆ ಮರಗಳ ಸಾಲು ಮುಗಿಯಿತು. ಅಡ್ಡಗಾಳಿ ತಗುಲಿದ್ದೇ ಹಿಂಭಾಗ ಒಂದು ಗೇಣು ಪಕ್ಕಕ್ಕೆ ಸರಿದು, ಬಂದ ಹಾಗೇ ಮರಳಿತು. ಅವಳು ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ಸಡಿಲಿಸುತ್ತಾ ಬಂದು ಗಾಡಿ ನಿಲ್ಲಿಸಿದಳು. ಮತ್ತೆ ನಾಲ್ಕು ಸಲ ಓಡಿಸಿದಳು. ನಾಲ್ಕು ಸಲವೂ ಅದೇ.

ಮರುದಿನ ಬೆಳಿಗ್ಗೆ ಮೇಲಿನ ಮಹಡಿಯ ಸಭೆಗೆ ಕರೆ ಬಂತು. ಉದ್ದನೆಯ ಮೇಜಿನ ಆ ತುದಿಯಲ್ಲಿ ಅಳಿಯ, ಈ ತುದಿಯಲ್ಲಿ ಅವಳು, ನಡುವೆ ಮುಖ್ಯ ಇಂಜಿನಿಯರು ಟೀ ಲೋಟದೊಳಗೆ ಮುಖ ಹಾಕಿಕೊಂಡು.

"ಇದೇನು ಬರೆದಿದ್ದೀರಿ?" ಅಳಿಯ ಹಾಳೆ ಎತ್ತಿ ಹಿಡಿದ. "‘ಇನ್ನೂರು ದಾಟಿದ ಮೇಲೆ ಹಿಂದಿನ ಗಾಲಿ ನೆಲದ ಮೇಲೆ ಇಲ್ಲ, ನೆಲದ ಹತ್ತಿರ ಇದೆ.’ ಇದು ವರದಿನಾ, ಕವಿತೆನಾ?"

"ನಿಮಗೆ ಯಾವುದು ಅರ್ಥ ಆಗತ್ತೋ ಅದು ಅಂದ್ಕೊಳ್ಳಿ ಸರ್."

"ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿಸಿದ್ದೀವಿ. ದೊಡ್ಡ ಫ್ಯಾನ್ ಇಟ್ಟು, ಇನ್ನೂರೈವತ್ತರ ಗಾಳಿ ಬಿಟ್ಟು ನೋಡಿದ್ದಾರೆ. ಎಲ್ಲ ಸರಿಯಾಗಿದೆ ಅಂತ ಅಂಕಿ ಬಂದಿದೆ. ಯಂತ್ರ ಸುಳ್ಳು ಹೇಳತ್ತಾ?"

"ಇಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳತ್ತೆ."

"ಇಷ್ಟು ವರ್ಷ ವ್ಯಾನ್ ಓಡಿಸಿದೋರಿಗೆ ಈ ವೇಗ ಹೊಸದು" ಎಂದು ಅಳಿಯ ನಗುತ್ತಾ ಕುರ್ಚಿಗೆ ಒರಗಿದ. "ಭಯ ಆಗೋದು ಸಹಜ. ತಪ್ಪು ತಿಳ್ಕೋಬೇಡಿ, ಕುಣೀಲಾರದೋರು ನೆಲ ಡೊಂಕು ಅಂತಾರಲ್ಲ, ಹಾಗೆ."

ಅವಳು ಮುಖ್ಯ ಇಂಜಿನಿಯರನ್ನು ನೋಡಿದಳು. ಅವನು ಟೀ ಮುಗಿದ ಲೋಟದಿಂದ ಇನ್ನೊಂದು ಗುಟುಕು ಕುಡಿದ.

ಮಧ್ಯಾಹ್ನ ಅವನು ತಗಡಿನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. "ಸುರಂಗದಲ್ಲಿ ಇಟ್ಟಿದ್ದು ಹಳೇ ಬಾಲದ ಮಾದರಿ. ಇವರು ಬಾಲ ಇಳಿಸಿದ್ದು ಆಮೇಲೆ" ಎಂದ.

"ಇದನ್ನ ಮೇಲೆ ಹೇಳೋಕೆ ಏನಾಗಿತ್ತು? ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ರಾ?"

"ನಂಗಿನ್ನೂ ಆರು ವರ್ಷ ಸರ್ವಿಸ್ ಇದೆ ಅಕ್ಕ."

"ಈ ಕಾರು ಕೊಳ್ಳೋನಿಗೆ ಎಷ್ಟು ವರ್ಷ ಇದೆ ಅಂತ ಲೆಕ್ಕ ಹಾಕಿದ್ದೀರಾ?"

ಅವನು ಬಾಗಿಲಿಂದಲೇ ತಿರುಗಿ ಹೋದ. ಆದರೆ ಸಂಜೆ ಒಂದು ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿಕೊಂಡು ಬಂದ. ಎರಡು ಬೆರಳು ಎತ್ತರ, ಬಾಲದ ಅಗಲಕ್ಕೆ ಸರಿಯಾಗಿ. ಇಬ್ಬರೂ ಸೇರಿ ಅದನ್ನು ಬಾಲದ ಅಂಚಿಗೆ ನಿಲ್ಲಿಸಿ ಟೇಪು ಸುತ್ತಿದರು. ಬೆಳಕಿರುವಾಗಲೇ ಅವಳು ಓಡಿಸಿ ಬಂದಳು. ಜಾರುವ ಗಾಳಿಗೆ ಆ ಪಟ್ಟಿ ತಡೆಯಾಗಿ ಹಿಂಭಾಗವನ್ನು ಕೆಳಕ್ಕೆ ಒತ್ತುತ್ತಿತ್ತು. ಇನ್ನೂರ ಇಪ್ಪತ್ತಕ್ಕೂ ಕಾರು ದಾರಕ್ಕೆ ಪೋಣಿಸಿದ ಹಾಗೆ ಹೋಯಿತು. ಅವಳು ಇಳಿದು ಹೆಲ್ಮೆಟ್ಟು ತೆಗೆದು, "ಇದಕ್ಕೆ ಸಹಿ ಹಾಕ್ತೀನಿ" ಎಂದಳು. ಅವಳ ಬಾಯಲ್ಲಿ ಆ ಮಾತು ವರ್ಷಕ್ಕೊಂದು ಸಲ ಬಂದರೆ ಹೆಚ್ಚು.

ಅಳಿಯ ಬಂದು ನೋಡಿದ. ಕಾರಿನ ಸುತ್ತ ಒಂದು ಸುತ್ತು ಹಾಕಿದ. ಮೂಗಿಗೆ ಏನೋ ಬಡಿದವನ ಹಾಗೆ ಮುಖ ಮಾಡಿದ.

"ಮದುವೆ ಹೆಣ್ಣಿಗೆ ಮೀಸೆ ಅಂಟಿಸಿದ ಹಾಗಿದೆ. ತೆಗೀರಿ" ಎಂದ.

ಪಟ್ಟಿ ತೆಗೆದರು. ವರದಿಯನ್ನು ಹೊಸದಾಗಿ ಬರೆಸಿದರು. ಮುಖ್ಯ ಇಂಜಿನಿಯರು ಅದಕ್ಕೆ ಸಹಿ ಹಾಕಿದ, ಪೆನ್ನು ಬರೆಯುತ್ತಿಲ್ಲವೆಂದು ಎರಡು ಸಲ ಝಾಡಿಸಿ, ಮೂರನೆಯ ಸಲಕ್ಕೆ. ಡೊಂಕಕ್ಕ ಸಹಿ ಹಾಕಲಿಲ್ಲ. ಅವಳನ್ನು ಆ ಕಾರಿನಿಂದ ತೆಗೆದು ಮತ್ತೆ ವ್ಯಾನುಗಳ ಕಡೆ ಕಳಿಸಿದರು. "ಒಳ್ಳೇದೇ ಆಯ್ತು. ವ್ಯಾನಿಗೆ ಕನ್ನಡಿ ನೋಡ್ಕೊಳ್ಳೋ ಚಟ ಇಲ್ಲ" ಎಂದು ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಿ ಅವಳ ಮುಖವನ್ನು ಕನ್ನಡಕದ ಗಾಜು ನೋಡುವ ಹಾಗೆ ನೋಡಿದ.

ಎರಡು ತಿಂಗಳ ಮೇಲೆ ಕಾರನ್ನು ಲೋಕಕ್ಕೆ ತೋರಿಸುವ ದಿನ ಬಂತು. ರಸ್ತೆಯ ಬುಡದಲ್ಲಿ ಶಾಮಿಯಾನ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡ ಪತ್ರಿಕೆಯವರು. ಕಾರನ್ನು ತಾನೇ ಓಡಿಸುತ್ತೇನೆ, ಇನ್ನೂರು ದಾಟಿಸುತ್ತೇನೆ ಎಂದು ಅಳಿಯ ಮೊದಲೇ ಸಾರಿಬಿಟ್ಟಿದ್ದ. ಆದರೆ ಆ ರಸ್ತೆಗೆ ಮುದುಕ ಯಜಮಾನರು ಬರೆಸಿದ ಒಂದು ನಿಯಮವಿತ್ತು. ನೂರು ದಾಟುವ ಗಾಡಿಯಲ್ಲಿ ಪರವಾನಗಿ ಪಡೆದ ಪರೀಕ್ಷಾ ಚಾಲಕರೊಬ್ಬರು ಕೂತಿರಲೇಬೇಕು. ಪರವಾನಗಿ ಇದ್ದವರು ಇಬ್ಬರೇ. ಒಬ್ಬ ಬೆನ್ನುನೋವಿನ ರಜೆಯಲ್ಲಿದ್ದ. ಇನ್ನೊಬ್ಬಳನ್ನು ವ್ಯಾನಿನಿಂದ ಇಳಿಸಿ ಕರೆತಂದರು.

"ಸುಮ್ಮನೆ ಕೂತಿರಿ, ಸಾಕು" ಎಂದ ಅಳಿಯ.

"ನೀವೂ ಸುಮ್ಮನೆ ಕೂತ್ರೆ ನಂಗೆ ಸಾಕು ಸರ್" ಎಂದಳು ಅವಳು. ಹತ್ತುವ ಮುಂಚೆ ಗಾಳಿಯ ಸಲಕರಣೆ ನೋಡಿ ಬಂದಳು. ಮರಗಳಿರುವ ಮಗ್ಗುಲಿನಿಂದ ಅಡ್ಡಗಾಳಿ ಜೋರಾಗಿತ್ತು. ಬೇಡ ಎಂದು ಹೇಳಿದಳು. ಜನ ಕಾಯುತ್ತಿದ್ದಾರೆ ಎಂದು ಅವನು ಬಾಗಿಲು ಹಾಕಿಕೊಂಡ.

ಮುಂಗಾಜಿನ ಕೆಳಗೆ ತಾನೇ ತಾನಾಗಿ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ ಅಂಟಿಸಿದ್ದರು. ಅದು ಇದೆಯೆಂದು ಅಳಿಯ ಗದ್ದ ಎತ್ತಿಕೊಂಡೇ ಓಡಿಸಿದ. ನೂರೈವತ್ತರವರೆಗೆ ಕಾರಿನ ಆತ್ಮದ ಬಗ್ಗೆ ಮಾತಾಡಿದ. ನೂರೆಂಬತ್ತಕ್ಕೆ ಮಾತು ನಿಂತಿತು. ಇನ್ನೂರಕ್ಕೆ ಅವನು ಸೀಟಿನಿಂದ ಮುಂದಕ್ಕೆ ಬಾಗಿದ. ಸ್ಟೀರಿಂಗನ್ನು ಅವನು ಗರಗಸದ ಹಾಗೆ ಅತ್ತಿತ್ತ ಆಡಿಸುತ್ತಿದ್ದ, ಅದು ಅವನಿಗೆ ಗೊತ್ತಿರಲಿಲ್ಲ. ಇನ್ನೂರ ಹದಿನೈದಕ್ಕೆ ಮರಗಳ ಸಾಲು ಮುಗಿಯಿತು.

ಗಾಳಿ ಬಡಿಯಿತು. ಹಿಂಭಾಗ ಪಕ್ಕಕ್ಕೆ ಸರಿಯಿತು. ಬೆಚ್ಚಿಬಿದ್ದ ಅಳಿಯ ಆಕ್ಸಿಲರೇಟರಿನಿಂದ ಕಾಲನ್ನು ಒಮ್ಮೆಗೇ ಕಿತ್ತ. ಭಾರವೆಲ್ಲ ಮುಂದಕ್ಕೆ ವಾಲಿ, ಮೊದಲೇ ಹಗುರಾಗಿದ್ದ ಹಿಂದಿನ ಗಾಲಿಗಳು ಇನ್ನಷ್ಟು ಹಗುರಾದವು. ಅವನು ಸ್ಟೀರಿಂಗನ್ನು ಬೇಕಾದ್ದಕ್ಕಿಂತ ನಾಲ್ಕು ಪಟ್ಟು ತಿರುಗಿಸಿದ. ಬಾಲ ಈ ಕಡೆಯಿಂದ ಆ ಕಡೆಗೆ ಬೀಸಿತು.

"ಕಾಲು ಸ್ವಲ್ಪ ಒತ್ತಿ. ಕೈ ಬಿಡಿ" ಎಂದಳು ಅವಳು. ಆಗಲೇ ಅವಳ ಕೈ ಸ್ಟೀರಿಂಗಿನ ಕೆಳ ಅಂಚನ್ನು ಹಿಡಿದಿತ್ತು.

ಅವನು ಬಿಡಲಿಲ್ಲ.

"ಸರ್. ಕೈ. ಬಿಡಿ."

ಅವನು ಎರಡೂ ಕೈ ಮೇಲೆತ್ತಿದ. ಎತ್ತಿದವನೇ ಬಾಯಿ ತೆರೆದು "ಮಾವಾ" ಎಂದು ಕೂಗಿದ. ಆಪತ್ತಿಗೆ ಲೋಕವೆಲ್ಲ ಅಮ್ಮನನ್ನು ಕರೆಯುತ್ತದೆ, ಇವನು ಮಾವನನ್ನು ಕರೆದ ಎಂದು ಆ ಹೊತ್ತಿನಲ್ಲೂ ಅವಳಿಗೆ ಹೊಳೆಯಿತು. ಸ್ಟೀರಿಂಗನ್ನು ಅವಳು ತಿರುಗಿಸಲಿಲ್ಲ, ಅದು ತಾನೇ ಬಯಸಿದ ಕಡೆ ಹೋಗಲು ಬಿಟ್ಟು, ಹೆಚ್ಚು ಹೋಗದಂತೆ ಮಾತ್ರ ತಡೆದಳು. ಬಾಲ ಮತ್ತೊಮ್ಮೆ ಬೀಸಿತು, ಅದಕ್ಕಿಂತ ಕಡಿಮೆ ಇನ್ನೊಮ್ಮೆ, ಅದಕ್ಕಿಂತ ಕಡಿಮೆ ಮಗದೊಮ್ಮೆ. ನೂರನಲವತ್ತಕ್ಕೆ ಕಾರು ಸುಮ್ಮನಾಯಿತು.

ಆಚೆ ತುದಿಯ ಬಳಸಿನಲ್ಲಿ ಕಾರು ನಿಂತಿತು. ಶಾಮಿಯಾನ ಆರು ಕಿಲೋಮೀಟರ್ ಹಿಂದೆ. ಅಲ್ಲಿಂದ ಯಾರಿಗೂ ಏನೂ ಕಂಡಿರಲಿಲ್ಲ.

ಅಳಿಯನ ಅಂಗಿ ಮೈಗೆ ಅಂಟಿತ್ತು. "ರಸ್ತೆ ಸರಿಯಿಲ್ಲ ಅಲ್ವಾ?" ಎಂದ.

ಅವಳು ಎದುರಿನ ಗಾಜಿನ ಮೇಲೆ ಅಪ್ಪಚ್ಚಿಯಾದ ಹುಳವನ್ನು ನೋಡುತ್ತಾ ಕೂತಳು.

"ಇದನ್ನ ಯಾರಿಗೂ ಹೇಳ್ಬೇಡಿ. ಮಾವನಿಗಂತೂ ಹೇಳ್ಲೇಬೇಡಿ." ಅವನ ದನಿ ಒಡೆದಿತ್ತು.

"ಬಾಲಕ್ಕೆ ಆ ಪಟ್ಟಿ ಹಾಕಿಸ್ತೀರಾ?"

"ಹಾಕಿಸ್ತೀನಿ."

"ಎಲ್ಲಾ ಕಾರಿಗೂ?"

"ಎಲ್ಲಾ ಕಾರಿಗೂ. ದೇವರಾಣೆ."

"ದೇವರು ಬೇಡ, ನೀವು ಹಾಕಿಸಿ. ನಾನು ಹೇಳಲ್ಲ."

ಆ ಮಾತು ಬಾಯಿಂದ ಬೀಳುವಾಗ ಅದು ಸರಿಯಾದ ಮಾತು ಎಂದೇ ಅವಳಿಗೆ ಅನಿಸಿತ್ತು. ಅವನ ಮಾನ ಹೋದರೆ ಅವಳಿಗೇನು ಲಾಭ? ಪಟ್ಟಿ ಬಂದರೆ ನಾಲ್ಕು ಜನ ಉಳಿಯುತ್ತಾರೆ. ನಲವತ್ತರ ವೇಗದಲ್ಲಿ ಅವನು ಕಾರನ್ನು ವಾಪಸು ಓಡಿಸಿದ. ಇಳಿಯುವ ಮುಂಚೆ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡ.

ಮೈಕು ಕೈಗೆ ಬಂದದ್ದೇ ಅವನ ದನಿ ಕೂಡಿಕೊಂಡಿತು. "ಇನ್ನೂರ ಹದಿನೈದರ ವೇಗ. ಅಡ್ಡಗಾಳಿ. ಆ ಹೊತ್ತಲ್ಲಿ ನಾನೇನು ಮಾಡಿದೆ ಗೊತ್ತಾ? ಎರಡೂ ಕೈ ಸ್ಟೀರಿಂಗಿಂದ ತೆಗೆದೆ. ಕ್ಯಾಮೆರಾದಲ್ಲಿ ಚಿತ್ರ ಇದೆ, ನೋಡ್ಕೊಳ್ಳಿ. ಕಾರು ನೇರ ಹೋಯ್ತು" ಎಂದ.

ಶಾಮಿಯಾನದ ಅಡಿ ಚಪ್ಪಾಳೆ ಬಿತ್ತು. ಎತ್ತು ಈದಿದೆ ಎಂದರೆ ಕರು ಕಟ್ಟಲು ಹಗ್ಗ ಹುಡುಕುವ ಜನ. ಪತ್ರಿಕೆಯವರಲ್ಲಿ ಒಬ್ಬನಾದರೂ ಪಕ್ಕದಲ್ಲಿ ಕೂತಿದ್ದವಳನ್ನು ಏನಾಯಿತೆಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿಲ್ಲ. ಮರುದಿನ ಪತ್ರಿಕೆಗಳಲ್ಲಿ ಆ ಚಿತ್ರ ಬಂತು. ಅಳಿಯ ಎರಡೂ ಕೈ ಕಿವಿಯ ಮಟ್ಟಕ್ಕೆ ಎತ್ತಿದ್ದಾನೆ, ಬಾಯಿ ಅಗಲಕ್ಕೆ ತೆರೆದಿದೆ. ‘ಮಾವಾ’ ಎಂದು ಕೂಗುವ ಬಾಯಿ ಚಿತ್ರದಲ್ಲಿ ಕೇಕೆ ಹಾಕಿ ನಗುವ ಬಾಯಾಗಿತ್ತು. ಚಿತ್ರದ ಕೆಳಗಿನ ಮೂಲೆಯನ್ನು, ಅವಳ ಕೈ ಇದ್ದ ಕಡೆ, ಕತ್ತರಿಸಿದ್ದರು.

ಗಂಡ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಹೆದರಿದ್ದಾನೆ ಇವನು. ಕಣ್ಣಿನ ಪಾಪೆ ನೋಡು" ಎಂದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಗಂಡನಿಗೆ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲ ಎಂಬುದು ಅವಳ ಲೆಕ್ಕ. ಎಲ್ಲ ಕೇಳಿ ಅವನು, "ಇಂಜಿನಿಯರು ಸುಮ್ಮನಿದ್ದ ಅಂತ ಬೈದೆಯಲ್ಲ, ಪಾಪ" ಎಂದ.

"ಅವನು ಕೆಲಸ ಉಳಿಸ್ಕೊಳ್ಳೋಕೆ ಸುಮ್ಮನಿದ್ದ."

"ನೀನು?"

"ನಾನು ಬಾಲಕ್ಕೋಸ್ಕರ."

"ಅದೂ ಸರಿಯೇ" ಎಂದ ಗಂಡ. ಆದರೆ ಅವಳಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ. ಊರೆಲ್ಲರ ಮೇಲೆ ಬೀರುತ್ತಿದ್ದ ತಿರಸ್ಕಾರ ತಿರುಗಿ ತನ್ನ ತಟ್ಟೆಗೇ ಬಂದು ಬಿದ್ದ ಹಾಗಿತ್ತು.

ಅಳಿಯ ಮಾತು ಉಳಿಸಿಕೊಂಡ, ಅದೊಂದನ್ನು ಒಪ್ಪಬೇಕು. ಮಾರಾಟಕ್ಕೆ ಬಂದ ಕಾರುಗಳಿಗೆಲ್ಲ ಬಾಲದ ಅಂಚಿಗೆ ಎರಡು ಬೆರಳು ಎತ್ತರದ ಪಟ್ಟಿ ಅಂಟಿಸಿದ್ದರು. ಕಾರಿನ ಜೊತೆ ಕೊಡುವ ಬಣ್ಣದ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ ಮೀಸಲು. ಹಕ್ಕಿ ಬಾಲ ಬಿಚ್ಚುವುದನ್ನು ನೋಡುತ್ತಿದ್ದಾಗ ಅಳಿಯನಿಗೇ ಹೊಳೆದ ಸೌಂದರ್ಯವಂತೆ ಅದು. ಓದಿದ ಡೊಂಕಕ್ಕ, "ಹಕ್ಕಿಗೆ ಇನ್ನೂ ಸುದ್ದಿ ತಲುಪಿಲ್ಲ ಅನ್ಸತ್ತೆ" ಎಂದಳು. ಆ ಕಾರಿನ ಪರೀಕ್ಷೆಯನ್ನು ಮತ್ತೆ ಅವಳಿಗೇ ಒಪ್ಪಿಸಿದರು. ಒಂದೊಂದನ್ನೂ ಓಡಿಸಿ ನೋಡಿ ಸಹಿ ಹಾಕಿದಳು. ಎದುರಾದಾಗ ಅಳಿಯ ಅವಳ ಕಣ್ಣು ತಪ್ಪಿಸಿ ಗೋಡೆಯ ಗಡಿಯಾರ ನೋಡುತ್ತಿದ್ದ.

ಮೂರು ವರ್ಷ ಹೀಗೆಯೇ ಕಳೆಯಿತು. ಅಷ್ಟರಲ್ಲಿ ಅವಳ ಭಾವ, ಗಂಡನ ಅಣ್ಣ, ನಿವೃತ್ತನಾದ. ಮೂವತ್ತೈದು ವರ್ಷ ಕಚೇರಿಯಲ್ಲಿ ಕಾಗದಕ್ಕೆ ಮುದ್ರೆ ಒತ್ತಿದ ಮನುಷ್ಯ, ಕೈಗೆ ಬಂದ ಹಣದಲ್ಲಿ ಯಾರೋ ಬಳಸಿ ಬಿಟ್ಟ ಅದೇ ಸ್ಪೋರ್ಟ್ಸ್ ಕಾರು ಕೊಂಡ. ಭಾನುವಾರ ತಮ್ಮನನ್ನೂ ಅವಳನ್ನೂ ಊಟಕ್ಕೆ ಕರೆದು, ಎಲೆ ಹಸಿರು ಬಟ್ಟೆಯ ಹೊದಿಕೆ ಸರಿಸಿ ತೋರಿಸಿದ. ಕಾರು ಮಿರಮಿರ ಮಿನುಗುತ್ತಿತ್ತು. ಅವನು ವಾರದಲ್ಲಿ ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು.

"ಹೇಗಿದೆಯಮ್ಮ? ನಿಮ್ಮ ಕಾರ್ಖಾನೇದೇ. ಎಲ್ಲಾ ಚೆನ್ನಾಗಿದೆ, ಈ ಬಾಲದ ಪಟ್ಟಿ ಒಂದೇ ದೃಷ್ಟಿಬೊಟ್ಟು. ನಾಳೆ ತಗಡಿನ ಕೆಲಸದವನು ಬರ್ತಾನೆ, ಕಿತ್ತು ಹಾಕಿಸ್ತೀನಿ. ಬರೀ ಅಂಟು ಅದು, ಬಿಸಿ ಮಾಡಿದ್ರೆ ಬಂದುಬಿಡತ್ತೆ" ಎಂದ ಭಾವ.

ಅವಳು ಪಟ್ಟಿಯ ಮೇಲೆ ಕೈಯಿಟ್ಟಳು. "ಭಾವ, ಅದನ್ನ ತೆಗೀಬೇಡಿ" ಎಂದಳು.

"ಯಾಕೆ? ಅಂದಕ್ಕೆ ಹಾಕಿದ್ದು ಅಂತ ಪುಸ್ತಕದಲ್ಲೇ ಬರೆದಿದೆಯಲ್ಲ."

ಅಳಿಯನಿಗೆ ಕೊಟ್ಟ ಮಾತನ್ನು ಅವಳು ಮುರಿದಳು. ಮೂರು ವರ್ಷ ಕಟ್ಟಿಟ್ಟದ್ದನ್ನು ಆ ಅಂಗಳದಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಸುರಂಗ, ಬಾಲ, ಗಾಳಿ, ಬೀಸಿದ ಹಿಂಭಾಗ, ತನ್ನ ಕೈ, ಬಳಸಿನಲ್ಲಿ ಆದ ಒಪ್ಪಂದ. ಭಾವ ಕೈಕಟ್ಟಿ ನಿಂತು ಕೇಳಿದ. ಕೇಳಿ ಮುಗಿದ ಮೇಲೆ ಮೆಲ್ಲಗೆ ನಕ್ಕ.

"ನಿಂಗೆ ಅವರ ಮೇಲೆ ಯಾವಾಗಲೂ ಹೊಟ್ಟೆಯುರಿ" ಎಂದ. "ಪೇಪರಲ್ಲಿ ಫೋಟೋ ಬಂದಿತ್ತಲ್ಲಮ್ಮ. ಎರಡೂ ಕೈ ಬಿಟ್ಟು ಓಡಿಸಿದ್ದಾರೆ. ನಾನು ಕತ್ತರಿಸಿ ಇಟ್ಕೊಂಡಿದೀನಿ, ತೋರಿಸ್ಲಾ?"

ಅವಳು ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಯಾರ ಬಾಯಿ ಮುಚ್ಚಿದ್ದರಿಂದ ಆ ಚಿತ್ರಕ್ಕೆ ಇಷ್ಟು ಬೆಲೆ ಬಂತು ಎಂಬುದು ಇಬ್ಬರಿಗೂ ಗೊತ್ತಿತ್ತು.

"ಇನ್ನೂರರ ಮೇಲೆ ಓಡಿಸಿದ ದಿನ ಈ ಮಾತು ನೆನಪಾಗತ್ತೆ ನಿಮಗೆ" ಎಂದಳು, ದನಿ ಗಟ್ಟಿ ಮಾಡಿ.

ಅಡುಗೆಮನೆಯ ಕಿಟಕಿಯಿಂದ ಓರಗಿತ್ತಿ ಇಣುಕಿದಳು. "ಇನ್ನೂರಾ? ಒಳಗೆ ಬಾ, ಊಟ ಆರತ್ತೆ. ಇವರು ಇದುವರೆಗೂ ಅರವತ್ತು ದಾಟಿಸಿಲ್ಲ. ಮೊನ್ನೆ ಹಾಲಿನ ವ್ಯಾನ್ ಹಾರ್ನ್ ಮಾಡ್ಕೊಂಡು ನಮ್ಮನ್ನ ಹಿಂದೆ ಹಾಕ್ತು" ಎಂದಳು.

ಭಾವ ಹೊದಿಕೆಯನ್ನು ಎಳೆದು ಕಾರಿಗೆ ಹೊದಿಸತೊಡಗಿದ. ಗಂಡನ ಭುಜ ಸಣ್ಣಗೆ ಕುಲುಕುತ್ತಿತ್ತು. ಡೊಂಕಕ್ಕನಿಗೆ ನಗು ಬಂತು, ನಗುವಿನ ಬೆನ್ನಿಗೇ ಸಿಟ್ಟೂ ಬಂತು. ಅರವತ್ತು ದಾಟದ ಮನುಷ್ಯರಿಗಾಗಿ ಇಷ್ಟೆಲ್ಲ. ಆದರೆ ನೂರು ಭಾವಂದಿರ ನಡುವೆ ಇನ್ನೂರು ದಾಟಿಸುವವನೊಬ್ಬ ಎಲ್ಲೋ ಇರುತ್ತಾನೆ. ಅವನ ಮನೆಗೂ ತಗಡಿನ ಕೆಲಸದವನು ಬರಬಹುದು.

ಸೋಮವಾರ ಬೆಳಿಗ್ಗೆ ಅವಳು ತಗಡಿನ ಕೋಣೆಗೆ ಹೋಗಲಿಲ್ಲ. ನೆಟ್ಟಗೆ ಮೇಲಿನ ಮಹಡಿಗೆ ಹತ್ತಿ ಅಳಿಯನ ಕೋಣೆಯ ಬಾಗಿಲು ತಳ್ಳಿದಳು. ಮುಖ್ಯ ಇಂಜಿನಿಯರೂ ಅಲ್ಲೇ ಇದ್ದ.

"ಸರ್, ನಾನು ಮಾತು ಮುರಿದಿದ್ದೀನಿ" ಎಂದಳು. "ನಿನ್ನೆ ಒಬ್ಬರಿಗೆ ಎಲ್ಲಾ ಹೇಳಿದೆ. ಅವರು ನಂಬಲಿಲ್ಲ. ಜನ ಪಟ್ಟಿ ಕೀಳ್ತಿದ್ದಾರೆ. ಅಂಟು ಬೇಡ. ಡಿಕ್ಕಿ ಮುಚ್ಚಳದ ಜೊತೆಗೇ ಒಂದೇ ತಗಡಲ್ಲಿ ಒತ್ತಿಸಿ ಮಾಡಿ, ಕೀಳೋಕೆ ಆಗಬಾರದು. ಇಲ್ಲ ಅಂದ್ರೆ ಇವತ್ತೇ ಯಜಮಾನರ ಮನೆಗೆ ಹೋಗ್ತೀನಿ. ಅವರು ನನ್ನ ಮಾತು ನಂಬ್ತಾರೆ."

ಅಳಿಯ ಗಡಿಯಾರ ನೋಡಿದ. ಆಗ ಮುಖ್ಯ ಇಂಜಿನಿಯರು ಗಂಟಲು ಸರಿಮಾಡಿಕೊಂಡ.

"ಅಚ್ಚಿನ ನಕ್ಷೆ ನನ್ನ ಹತ್ರ ಇದೆ ಸರ್" ಎಂದ. "ಮೂರು ವರ್ಷದಿಂದ ಮೇಜಿನಲ್ಲೇ ಇದೆ. ಹೂಂ ಅಂದ್ರೆ ಈ ತಿಂಗಳೇ ಶುರು ಮಾಡ್ಬಹುದು. ಮಾರಿದ ಕಾರುಗಳಿಗೂ ಕರೆಸಿ ಮುಚ್ಚಳ ಬದಲಾಯಿಸಬೇಕು."

"ಮೂರು ವರ್ಷ" ಎಂದಳು ಅವಳು ಅವನ ಕಡೆ ತಿರುಗಿ. ಅವನ ಕಿವಿ ಕೆಂಪಾಯಿತು.

ಅಳಿಯ ಹೂಂ ಎಂದ. ಆರು ವಾರಕ್ಕೆ ಹೊಸ ಮುಚ್ಚಳಗಳು ಬಂದವು, ಪಟ್ಟಿ ತಗಡಿನಲ್ಲೇ ಎದ್ದು ನಿಂತಿತ್ತು. ಕೀಳಬೇಕೆಂದರೆ ಮುಚ್ಚಳವನ್ನೇ ಕತ್ತರಿಸಬೇಕು. ಕಾರು ಕೊಂಡವರಿಗೆಲ್ಲ ಕಾಗದ ಹೋಯಿತು, ಸೌಂದರ್ಯ ಇನ್ನಷ್ಟು ಹೆಚ್ಚಿಸಿದ್ದೇವೆ, ಬಂದು ಬದಲಾಯಿಸಿಕೊಳ್ಳಿ ಎಂದು. ಅಪಾಯ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಭಾವನಿಗೂ ಕಾಗದ ಬಂತು. ಬೋಳು ಬಾಲದ ಕಾರನ್ನು ಅವನು ಕಾರ್ಖಾನೆಗೆ ತಂದು ನಿಲ್ಲಿಸಿದ. ಉಚಿತ ಎಂದು ಬರೆದಿದ್ದರಿಂದ ಬಂದೆ ಎಂದ. ಹೊಸ ಮುಚ್ಚಳ ಕೂರಿಸಿದ ಮೇಲೆ ಡೊಂಕಕ್ಕ ಅವನ ಕೈಯಿಂದ ಕೀಲಿ ತೆಗೆದುಕೊಂಡು, ಕ್ಯಾನ್ವಾಸ್ ಷೂ ಹಾಕಿಕೊಳ್ಳಲು ಒಳಗೆ ಹೋದಳು.